ಡಾರ್ವಿನ್‌ಗೆ ಸಿಗದ ಕಲ್ಲುಗಳು

1859ರ ನವೆಂಬರಿನಲ್ಲಿ ಪ್ರಕಟವಾದ ‘ಪ್ರಭೇದಗಳ ಉಗಮ’ದಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಎದುರಾಳಿಗಳಿಗೆ ಹೆಚ್ಚು ಕೆಲಸ ಉಳಿಸಲಿಲ್ಲ. ತನ್ನ ಸಿದ್ಧಾಂತದ ವಿರುದ್ಧ ಯಾರು ಏನೇನು ಹೇಳಬಹುದೋ ಅದನ್ನೆಲ್ಲ ತಾನೇ ಎತ್ತಿಕೊಂಡು ಒಂದೊಂದಕ್ಕೂ ಉತ್ತರ ಕೊಡುತ್ತ ಹೋದ. ಒಂದು ಆಕ್ಷೇಪಕ್ಕೆ ಮಾತ್ರ ಅವನ ಬಳಿ ಸಮಾಧಾನಕರ ಉತ್ತರವಿರಲಿಲ್ಲ. ಅದನ್ನೂ ಮುಚ್ಚಿಡದೆ ಬರೆದ.

ಆ ಆಕ್ಷೇಪ ಇದು. ಪಳೆಯುಳಿಕೆಗಳಿರುವ ಅತಿ ಹಳೆಯ ಶಿಲಾಸ್ತರಗಳೆಂದು ಆಗ ಗೊತ್ತಿದ್ದವುಗಳಲ್ಲಿ, ಅಂದರೆ ಇಂದು ನಾವು ಕೇಂಬ್ರಿಯನ್ ಎಂದು ಕರೆಯುವ ಕಲ್ಲುಗಳಲ್ಲಿ, ಟ್ರೈಲೊಬೈಟ್‌ಗಳಂಥ ಪ್ರಾಣಿಗಳು ಧುತ್ತನೆ ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ಕವಚವಿದೆ, ಕೀಲುಗಾಲುಗಳಿವೆ, ನೂರಾರು ಮಸೂರಗಳ ಕಣ್ಣುಗಳಿವೆ. ಅಲ್ಲಿಂದ ಕೆಳಗಿನ ಪದರಕ್ಕೆ ಇಳಿದರೆ ಏನೂ ಇಲ್ಲ. ವಿಕಾಸ ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆಂಬುದು ನಿಜವಾದರೆ ಟ್ರೈಲೊಬೈಟ್‌ನ ಅಜ್ಜ ಮುತ್ತಜ್ಜಂದಿರೆಲ್ಲ ಎಲ್ಲಿ ಹೋದರು? ಕೇಂಬ್ರಿಯನ್ನಿಗೆ ಮುಂಚೆ, ಅಲ್ಲಿಂದ ಇಂದಿನವರೆಗೆ ಸರಿದದ್ದಕ್ಕಿಂತಲೂ ದೀರ್ಘವಾದ ಕಾಲ ಕಳೆದಿರಬೇಕು, ಆ ಕಾಲದ ಜಗತ್ತು ಜೀವಿಗಳಿಂದ ತುಂಬಿತುಳುಕುತ್ತಿದ್ದಿರಬೇಕು ಎಂದು ಡಾರ್ವಿನ್ ತರ್ಕಿಸಿದ. ಆ ಸ್ತರಗಳು ಈಗ ಸಾಗರದಡಿ ಹೂತಿರಬಹುದು, ಇಲ್ಲವೇ ಭೂಗರ್ಭದ ಶಾಖಕ್ಕೆ ರೂಪಗೆಟ್ಟಿರಬಹುದು ಎಂಬ ಊಹೆಯನ್ನೂ ಮುಂದಿಟ್ಟ. ಕೈಯಲ್ಲಿ ಒಂದೇ ಒಂದು ಕಲ್ಲೂ ಇರಲಿಲ್ಲ.

ಆ ಕಲ್ಲಿಗಾಗಿ ಹುಡುಕಾಟ ಸುಮಾರು ನೂರು ವರ್ಷ ನಡೆಯಿತು. ಸೋಜಿಗವೆಂದರೆ ಕಲ್ಲುಗಳು ಸಾಗರದಡಿ ಹೂತಿರಲಿಲ್ಲ. ಕೆನಡಾದ ಸರೋವರದ ದಂಡೆಯಲ್ಲಿ, ಇಂಗ್ಲೆಂಡಿನ ಕಾಡಿನ ಬಂಡೆಗಳ ಮೇಲೆ, ನಮ್ಮ ಚಿತ್ರದುರ್ಗ, ಸಂಡೂರಿನ ಗುಡ್ಡಗಳಲ್ಲಿ ಬಿಸಿಲಿಗೆ ಬಿದ್ದಿದ್ದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಭೂವಿಜ್ಞಾನಿಗಳ ಪಾಡು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಹುಡುಕಾಟದ ಮೊದಲ ‘ಗೆಲುವು’ ಬಹಳ ಬೇಗ ಬಂತು. ಕೆನಡಾದ ಒಟ್ಟಾವ ನದಿಯ ದಂಡೆಯ ಅತಿ ಹಳೆಯ ಸುಣ್ಣಕಲ್ಲುಗಳಲ್ಲಿ ಹಸಿರು, ಬಿಳಿ ಪದರಗಳು ಒಂದರ ಮೇಲೊಂದು ಕೂತ ವಿಚಿತ್ರ ರಚನೆಗಳು ಸಿಕ್ಕವು. ಕೆನಡಾ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ವಿಲಿಯಂ ಲೋಗನ್ ಅವನ್ನು ಜೀವಿಯ ಕುರುಹೆಂದು ಶಂಕಿಸಿದ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪ್ರಾಂಶುಪಾಲ ಜಾನ್ ವಿಲಿಯಂ ಡಾಸನ್ 1865ರಲ್ಲಿ ಅದು ದೈತ್ಯಗಾತ್ರದ ಏಕಕೋಶ ಜೀವಿಯ ಚಿಪ್ಪೆಂದು ಸಾರಿ ‘ಇಯೋಜೋವನ್ ಕೆನಡೆನ್ಸ್’ ಎಂದು ಹೆಸರಿಟ್ಟ. ಮರುವರ್ಷವೇ ತನ್ನ ಪುಸ್ತಕದ ನಾಲ್ಕನೆಯ ಆವೃತ್ತಿಯಲ್ಲಿ ಡಾರ್ವಿನ್ ಅದನ್ನು ಸಂತೋಷದಿಂದ ಸೇರಿಸಿಕೊಂಡ. ತಮಾಷೆಯೆಂದರೆ ಡಾಸನ್ ವಿಕಾಸವಾದದ ಕಟ್ಟಾ ವಿರೋಧಿ.

ಅಷ್ಟರಲ್ಲೇ ಐರ್ಲೆಂಡಿನ ಗಾಲ್ವೇಯಿಂದ ವಿಲಿಯಂ ಕಿಂಗ್ ಮತ್ತು ಥಾಮಸ್ ರೌನಿ ಎಂಬ ಇಬ್ಬರು ತಕರಾರು ತೆಗೆದರು. ಇದು ಜೀವಿಯಲ್ಲ, ಶಾಖ ಮತ್ತು ಒತ್ತಡದಿಂದ ಸುಣ್ಣಕಲ್ಲಿನಲ್ಲಿ ಖನಿಜಗಳು ಪದರಗಟ್ಟಿದ ಬಗೆ ಎಂಬುದು ಅವರ ವಾದ. ಜಗಳ ಮೂವತ್ತು ವರ್ಷ ಎಳೆಯಿತು. ಕೊನೆಗೆ 1894ರಲ್ಲಿ ಅದೇ ಬಗೆಯ ಪದರಗಳು ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲಿ ಸಿಕ್ಕವು. ಜ್ವಾಲಾಮುಖಿಯ ಒಲೆಯಲ್ಲಿ ಬೆಂದ ಕಲ್ಲಿನಲ್ಲಿ ಸಾಗರದ ಜೀವಿ ಬೆಳೆದಿರಲು ಸಾಧ್ಯವಿಲ್ಲ. ಡಾಸನ್ ಮಾತ್ರ 1899ರಲ್ಲಿ ಸಾಯುವವರೆಗೂ ಪಟ್ಟು ಬಿಡಲಿಲ್ಲ.

ಇಯೋಜೋವನ್ ಬಿಟ್ಟುಹೋದ ಕಹಿ ಬಹುಕಾಲ ಉಳಿಯಿತು. ಕೇಂಬ್ರಿಯನ್ ಪೂರ್ವದ ಕಲ್ಲಿನಲ್ಲಿ ಪಳೆಯುಳಿಕೆ ಸಿಕ್ಕಿದೆ ಎಂದು ಯಾರಾದರೂ ಬಾಯಿ ತೆರೆದರೆ ಉಳಿದವರು ಹುಬ್ಬೇರಿಸತೊಡಗಿದರು. ಆ ಸಂಶಯದ ಬಿಸಿ ತಟ್ಟಿದ್ದು ಅಮೆರಿಕದ ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್‌ಗೆ. ಕಾಲೇಜು ಮೆಟ್ಟಿಲು ಹತ್ತದ, ಹೊಲಗಳಲ್ಲಿ ಟ್ರೈಲೊಬೈಟ್ ಆಯುತ್ತ ಬೆಳೆದ ಈತ 1882-83ರ ಚಳಿಗಾಲವನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ಆಳದಲ್ಲಿ ಕಳೆದ. ಕೇಂಬ್ರಿಯನ್ನಿಗಿಂತ ಕೆಳಗಿನ ಸ್ತರಗಳಲ್ಲಿ ಅವನಿಗೆ ಗುಮ್ಮಟದಾಕಾರದ, ಪದರ ಪದರವಾದ ಸುಣ್ಣಕಲ್ಲಿನ ದಿಬ್ಬಗಳು ಕಂಡವು. ಇಂದು ನಾವು ಸ್ಟ್ರೊಮಾಟೊಲೈಟ್ ಎನ್ನುವುದು ಅವನ್ನೇ. ಅಲ್ಲಿ ಸಿಕ್ಕ ಕೆಲವೇ ಮಿಲಿಮೀಟರ್ ಅಗಲದ ಕಪ್ಪು ಬಿಲ್ಲೆಗಳಿಗೆ 1899ರಲ್ಲಿ ‘ಚುವಾರಿಯಾ’ ಎಂದು ಹೆಸರಿಟ್ಟ. ಅವು ಚಪ್ಪಟೆಯಾದ ಚಿಪ್ಪುಗಳು ಎಂದು ಅವನು ತಿಳಿದದ್ದು ತಪ್ಪು, ಅವು ಪಾಚಿಯಂಥ ಸರಳ ಜೀವಿಗಳು. ಆದರೆ ಅವು ನಿಜವಾದ ಪಳೆಯುಳಿಕೆಗಳು, ನಿಜಕ್ಕೂ ಕೇಂಬ್ರಿಯನ್ ಪೂರ್ವದವು. 1915ರಲ್ಲಿ ಮೊಂಟಾನಾದ ಸುಣ್ಣಕಲ್ಲಿನಲ್ಲಿ ಬ್ಯಾಕ್ಟೀರಿಯಾಗಳನ್ನೂ ಕಂಡೆನೆಂದು ವಾಲ್ಕಾಟ್ ಬರೆದ.

ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಆಲ್ಬರ್ಟ್ ಸೀವರ್ಡ್ 1931ರಲ್ಲಿ ಇದೆಲ್ಲಕ್ಕೂ ತಣ್ಣೀರೆರಚಿದ. ಪದರಗಳಿದ್ದ ಮಾತ್ರಕ್ಕೆ ಪಾಚಿ ಕಟ್ಟಿದ್ದೆಂದು ಹೇಗೆ ಹೇಳುವುದು? ಅಷ್ಟು ಮೃದುವಾದ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ವರ್ಷ ಕಲ್ಲಿನಲ್ಲಿ ಉಳಿದೀತೆ? ಲಖನೌದ ಪುರಾಸಸ್ಯವಿಜ್ಞಾನ ಸಂಸ್ಥೆಯನ್ನು ಕಟ್ಟಿದ ನಮ್ಮ ಬೀರಬಲ್ ಸಾಹ್ನಿಯವರಿಗೆ ಗುರುವಾಗಿದ್ದ ಸೀವರ್ಡ್‌ನ ಮಾತಿಗೆ ತೂಕವಿತ್ತು. ಪ್ರಶ್ನೆ ಸರಿಯಾದದ್ದೇ. ಆದರೆ ಕೇಳಿಸಿಕೊಂಡವರು ಅದನ್ನು ತೀರ್ಪೆಂದು ಭಾವಿಸಿ ಹುಡುಕುವುದನ್ನೇ ಬಿಟ್ಟರು.

1953

ಜೀವದ ಇತಿಹಾಸದ ಹುಡುಕಾಟಕ್ಕೆ 1953ರಷ್ಟು ಫಲವತ್ತಾದ ವರ್ಷ ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿಸುರುಳಿಯನ್ನು ಪ್ರಕಟಿಸಿದರು. ಮೇ ತಿಂಗಳಲ್ಲಿ ಷಿಕಾಗೋದ ವಿದ್ಯಾರ್ಥಿ ಸ್ಟಾನ್ಲಿ ಮಿಲ್ಲರ್‌ನ ಪ್ರಯೋಗ ಹೊರಬಂತು. ಮೀಥೇನ್, ಅಮೋನಿಯಾ, ಜಲಜನಕ ಮತ್ತು ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ಮಿಂಚಿನಂಥ ಕಿಡಿ ಹಾರಿಸಿದರೆ ಕೆಲವೇ ದಿನಗಳಲ್ಲಿ ಪ್ರೋಟೀನುಗಳ ಘಟಕಗಳಾದ ಅಮೈನೊ ಆಮ್ಲಗಳು ಹುಟ್ಟುತ್ತವೆ ಎಂದು ಅದು ತೋರಿಸಿತು. ಇಂಥದೊಂದು ಸಾಧ್ಯತೆಯನ್ನು 1924ರಲ್ಲಿ ರಷ್ಯದ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್ ಬೇರೆಬೇರೆಯಾಗಿ ಊಹಿಸಿದ್ದರು. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಹಾಲ್ಡೇನ್ ಇವರೇ. ಆದಿಯ ವಾತಾವರಣದ ಬಗ್ಗೆ ಮಿಲ್ಲರ್ ಹಾಕಿದ ಲೆಕ್ಕವನ್ನು ಇಂದು ಬಹಳಷ್ಟು ಮಂದಿ ಒಪ್ಪುವುದಿಲ್ಲ. ಜೀವ ಮೊಳೆತದ್ದು ಕಡಲ ತಳದ ಬಿಸಿ ಬುಗ್ಗೆಗಳಲ್ಲೋ ನೆಲದ ಮೇಲಿನ ಹೊಂಡಗಳಲ್ಲೋ ಎಂಬ ವಾದವೂ ಮುಗಿದಿಲ್ಲ. ಆದರೆ ಜೀವದ ಕಚ್ಚಾಸಾಮಗ್ರಿಗೆ ಜೀವಿಯ ನೆರವು ಬೇಕಿಲ್ಲ ಎಂಬುದು ಅಂದೇ ಇತ್ಯರ್ಥವಾಯಿತು. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲೂ ಅಮೈನೊ ಆಮ್ಲಗಳಿದ್ದವು.

ಅದೇ 1953ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸ್ಟಾನ್ಲಿ ಟೈಲರ್ ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿ ಕಬ್ಬಿಣದ ಶಿಲೆಗಳ ಅಧ್ಯಯನ ನಡೆಸುತ್ತಿದ್ದ. ಒಂದು ಭಾನುವಾರ ಮೀನು ಹಿಡಿಯಲು ದೋಣಿಯೇರಿ ಹೊರಟವನಿಗೆ ದಡದಲ್ಲಿ ಕಡುಕಪ್ಪು ಬಣ್ಣದ ಚರ್ಟ್ ಕಲ್ಲು ಕಣ್ಣಿಗೆ ಬಿತ್ತೆಂಬ ಕಥೆ ಭೂವಿಜ್ಞಾನಿಗಳ ನಡುವೆ ಪ್ರಸಿದ್ಧ. ಆ ದಂಡೆಯ ಗನ್‌ಫ್ಲಿಂಟ್ ಶಿಲಾಸಮೂಹದ ಚರ್ಟ್ ಸಾಮಾನ್ಯವಾಗಿ ಕೆಂಪು. ಇದೇಕೆ ಕಪ್ಪು? ಒಂದು ತುಂಡು ತಂದು ತೆಳುಹೋಳು ಮಾಡಿ ನೋಡಿದ.

ಈ ತೆಳುಹೋಳಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಲ್ಲನ್ನು ವಜ್ರದ ಅಂಚಿನ ಗರಗಸದಲ್ಲಿ ಬಿಲ್ಲೆಯಾಗಿ ಕೊಯ್ದು, ಒಂದು ಮುಖವನ್ನು ನುಣ್ಣಗೆ ಮಾಡಿ, ಗಾಜಿನ ಪಟ್ಟಿಗೆ ಅಂಟಿಸುತ್ತಾರೆ. ಆಮೇಲೆ ಇನ್ನೊಂದು ಮುಖವನ್ನು ಸವೆಸುತ್ತ ಸವೆಸುತ್ತ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ದಪ್ಪಕ್ಕೆ ತರುತ್ತಾರೆ. ಅಷ್ಟು ತೆಳುವಾದರೆ ಬಂಡೆಯೂ ಬೆಳಕನ್ನು ಬಿಟ್ಟುಕೊಡುತ್ತದೆ. ಟೈಲರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ತಿಳಿಯಾದ ಸಿಲಿಕದಲ್ಲಿ ಕಂದು ಬಣ್ಣದ ಎಳೆಗಳು, ದುಂಡನೆಯ ಕೋಶಗಳು, ಪುಟ್ಟ ಕೊಡೆಯಂಥ ಆಕೃತಿಗಳು ಕಿಕ್ಕಿರಿದಿದ್ದವು. ಕಲ್ಲಿಗೆ ಕಪ್ಪು ಬಣ್ಣ ಬಂದದ್ದು ಜೀವಿಗಳ ಇಂಗಾಲದಿಂದ. ಸಿಲಿಕ ಗಟ್ಟಿಯಾಗಿ ಚರ್ಟ್ ಆಗುವ ಮುನ್ನ ಕೋಶಗಳ ಸುತ್ತ, ಒಳಗೆ ಎಲ್ಲ ಕಡೆ ಸೇರಿಕೊಂಡಿತ್ತು. ಕೊಳೆಯುವ ಮೊದಲೇ ಬಂಧಿಸಿದ್ದರಿಂದ ಅವು ಚಪ್ಪಟೆಯಾಗದೆ ಉಬ್ಬುಬ್ಬಾಗಿಯೇ ಉಳಿದಿದ್ದವು.

ಹಾರ್ವರ್ಡಿನ ಸಸ್ಯವಿಜ್ಞಾನಿ ಎಲ್ಸೊ ಬಾರ್ಗೂರ್ನ್ ಜತೆ ಸೇರಿ ಟೈಲರ್ 1954ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಣ್ಣದೊಂದು ವರದಿ ಬರೆದ. ವಿಸ್ತಾರವಾದ ಪ್ರಬಂಧ ಬಂದದ್ದು 1965ರಲ್ಲಿ, ಟೈಲರ್ ತೀರಿಕೊಂಡ ಎರಡು ವರ್ಷಕ್ಕೆ. ಆ ಕಲ್ಲಿನ ವಯಸ್ಸು ಸುಮಾರು 188 ಕೋಟಿ ವರ್ಷವೆಂದು ಇಂದಿನ ಲೆಕ್ಕ. ಸೀವರ್ಡ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಬ್ಯಾಕ್ಟೀರಿಯಾ ಸುಣ್ಣಕಲ್ಲಿನಲ್ಲಿ ಉಳಿಯುವುದು ಕಷ್ಟ, ಚರ್ಟ್‌ನಲ್ಲಿ ಉಳಿಯುತ್ತದೆ. ಡಾರ್ವಿನ್ನನ ಕಾಲದವರು ಟ್ರೈಲೊಬೈಟ್‌ಗಾಗಿ ಸುತ್ತಿಗೆ ಹಿಡಿದು ಹುಡುಕಾಡಿದ್ದರು. ಅದರ ಪೂರ್ವಜರನ್ನು ಕಾಣಲು ಸೂಕ್ಷ್ಮದರ್ಶಕ ಬೇಕಿತ್ತು.

ಪುರಾವೆಗೆ ಕಾಲದ ಲೆಕ್ಕವೂ ಬೇಕಲ್ಲ? ಡಾರ್ವಿನ್ನನ ಕಾಲದಲ್ಲಿ ಲಾರ್ಡ್ ಕೆಲ್ವಿನ್, ಭೂಮಿ ತಣ್ಣಗಾದ ವೇಗವನ್ನು ಎಣಿಸಿ ಅದರ ವಯಸ್ಸನ್ನು ಹತ್ತು ಕೋಟಿ ವರ್ಷದ ಆಸುಪಾಸಿಗೆ ಇಳಿಸಿದ್ದ. ವಿಕಾಸಕ್ಕೆ ಅದು ಸಾಲದೆಂದು ಡಾರ್ವಿನ್ ಒದ್ದಾಡಿದ. ವಿಕಿರಣಶೀಲತೆಯ ಶೋಧ ಈ ಗಂಟನ್ನು ಬಿಡಿಸಿತು. ಯುರೇನಿಯಂ ಸೀಸವಾಗುವ ದರವನ್ನೇ ಗಡಿಯಾರ ಮಾಡಿಕೊಂಡು, ಉಲ್ಕಾಶಿಲೆಗಳ ಸೀಸವನ್ನು ಅಳೆದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಪ್ರಕಟಿಸಿದ. ಆ ಅಂಕಿ ಇಂದಿಗೂ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಕೇಂಬ್ರಿಯನ್ ಶುರುವಾದದ್ದು ಕೇವಲ 54 ಕೋಟಿ ವರ್ಷಗಳ ಹಿಂದೆ.

ಬಂಡೆಯ ಮೇಲಿನ ಎಲೆ

ಬರಿಗಣ್ಣಿಗೆ ಕಾಣುವ ಪೂರ್ವಜರೂ ಇದ್ದರು. 1946ರಲ್ಲಿ ದಕ್ಷಿಣ ಆಸ್ಟ್ರೇಲಿಯ ಸರ್ಕಾರದ ಭೂವಿಜ್ಞಾನಿ ರೆಜ್ ಸ್ಪ್ರಿಗ್ ಎಡಿಯಾಕರ ಗುಡ್ಡಗಳ ಪಾಳುಬಿದ್ದ ಗಣಿಗಳನ್ನು ಪರಿಶೀಲಿಸಲು ಹೋದಾಗ ಮರಳುಗಲ್ಲಿನಲ್ಲಿ ಲೋಳೆಮೀನಿನಂಥ ಅಚ್ಚುಗಳನ್ನು ಕಂಡ. 1948ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದಲ್ಲಿ ಅವುಗಳ ಬಗ್ಗೆ ಹೇಳಿದರೆ ಕಿವಿಗೊಟ್ಟವರು ಕಡಿಮೆ. ಅವು ಕೇಂಬ್ರಿಯನ್ನಿನ ಆರಂಭದವು ಎಂದೇ ಸ್ಪ್ರಿಗ್ ಕೂಡ ನಂಬಿದ್ದ.

ಗಂಟು ಬಿಚ್ಚಿದವರು ಇಂಗ್ಲೆಂಡಿನ ಶಾಲಾಮಕ್ಕಳು. ಲೆಸ್ಟರ್ ಬಳಿಯ ಚಾರ್ನ್‌ವುಡ್ ಕಾಡಿನ ಬಂಡೆಗಳು ಕೇಂಬ್ರಿಯನ್ ಪೂರ್ವದವೆಂದು ಎಲ್ಲರಿಗೂ ಗೊತ್ತಿತ್ತು. 1956ರಲ್ಲಿ ಹದಿನೈದರ ಹುಡುಗಿ ಟೀನಾ ನೀಗಸ್ ಅಲ್ಲೊಂದು ಬಂಡೆಯ ಮೇಲೆ ಜರಿಗಿಡದ ಎಲೆಯಂಥ ಗುರುತು ಕಂಡಳು. ಶಾಲೆಗೆ ಬಂದು ಹೇಳಿದರೆ, ಆ ಬಂಡೆಗಳಲ್ಲಿ ಪಳೆಯುಳಿಕೆ ಇರುವುದಿಲ್ಲ, ಹಾಗಾಗಿ ನೀನು ಕಂಡದ್ದು ಪಳೆಯುಳಿಕೆಯಲ್ಲ ಎಂಬ ಉತ್ತರ ಬಂತು. ಮರುವರ್ಷ ಅದನ್ನೇ ಕಂಡ ರೋಜರ್ ಮೇಸನ್ ಎಂಬ ಹುಡುಗ ತಂದೆಗೆ ಹೇಳಿದ. ತಂದೆಗೆ ಲೆಸ್ಟರ್‌ನ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಪರಿಚಯವಿತ್ತು. ಫೋರ್ಡ್ ಬಂದು ನೋಡಿ 1958ರಲ್ಲಿ ‘ಚಾರ್ನಿಯಾ ಮೇಸೋನಿ’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಟೀನಾಳ ಹೆಸರು ಚರಿತ್ರೆಗೆ ಸೇರಲು ಬಹಳ ವರ್ಷ ಹಿಡಿಯಿತು.

ಇಲ್ಲಿ ಬಂಡೆಯ ಕಾಲದ ಬಗ್ಗೆ ತಕರಾರೇ ಇರಲಿಲ್ಲ. ಅದೇ ಬಗೆಯ ಎಲೆಗಳು ಎಡಿಯಾಕರದಲ್ಲೂ ಇದ್ದುದರಿಂದ ಸ್ಪ್ರಿಗ್‌ನ ಅಚ್ಚುಗಳೂ ಕೇಂಬ್ರಿಯನ್ನಿಗಿಂತ ಹಿಂದಕ್ಕೆ ಸರಿದವು. 2004ರಲ್ಲಿ ಭೂವಿಜ್ಞಾನಿಗಳು ಕಾಲಪಟ್ಟಿಗೆ ಎಡಿಯಾಕರನ್ ಎಂಬ ಹೊಸ ಯುಗವನ್ನೇ ಸೇರಿಸಿದರು. ಆ ಗುಂಪಿನ ಡಿಕಿನ್‌ಸೋನಿಯಾ ಎಂಬ ಚಾಪೆಯಂಥ ಜೀವಿ ಪ್ರಾಣಿಯೋ ಅಲ್ಲವೋ ಎಂಬ ಹಳೆಯ ವ್ಯಾಜ್ಯಕ್ಕೆ 2018ರಲ್ಲಿ ರಷ್ಯದ ಶ್ವೇತಸಮುದ್ರದ ದಂಡೆಯ ಮಾದರಿಗಳು ಉತ್ತರ ಕೊಟ್ಟವು. 55.8 ಕೋಟಿ ವರ್ಷದ ಆ ಕಲ್ಲಿನ ಮೇಲೆ ಪ್ರಾಣಿಗಳ ಗುರುತಾದ ಕೊಲೆಸ್ಟರಾಲ್‌ನ ಅವಶೇಷ ಉಳಿದಿತ್ತು.

ನಮ್ಮ ಗುಡ್ಡಗಳಲ್ಲಿ ಇರುವುದು

ವಾಲ್ಕಾಟ್‌ನ ಗುಮ್ಮಟಗಳಿಗೂ ನ್ಯಾಯ ಸಿಕ್ಕಿತು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಕೊಲ್ಲಿಯ ಹ್ಯಾಮೆಲಿನ್ ಪೂಲ್‌ನಲ್ಲಿ ಜೀವಂತ ಸ್ಟ್ರೊಮಾಟೊಲೈಟ್‌ಗಳಿರುವುದು 1950ರ ದಶಕದಲ್ಲಿ ಬೆಳಕಿಗೆ ಬಂತು. ಅಲ್ಲಿನ ನೀರಿಗೆ ಸಮುದ್ರದ ಎರಡರಷ್ಟು ಉಪ್ಪು. ಬಸವನಹುಳುಗಳು ಬಂದು ಮೇಯುವುದಕ್ಕಾಗದ ಆ ನೀರಿನಲ್ಲಿ ಸಯನೊಬ್ಯಾಕ್ಟೀರಿಯಾದ ಅಂಟು ಹಾಸು ಮಣ್ಣಿನ ಕಣಗಳನ್ನು ಹಿಡಿಯುತ್ತದೆ, ಹೂತುಹೋದರೆ ಬೆಳಕಿಗಾಗಿ ಮೇಲೆ ಬಂದು ಮತ್ತೆ ಹಾಸು ಹೆಣೆಯುತ್ತದೆ. ದಿಬ್ಬ ವರ್ಷಕ್ಕೆ ಅರ್ಧ ಮಿಲಿಮೀಟರೂ ಬೆಳೆಯದು. ಇದೇ ಬಗೆಯ ದಿಬ್ಬಗಳು ಅದೇ ರಾಜ್ಯದ ಪಿಲ್ಬಾರ ಪ್ರದೇಶದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿವೆ. ಚಿತ್ರದುರ್ಗ, ಸಂಡೂರು ಸೀಮೆಯ ಧಾರವಾಡ ಶಿಲಾಸಮೂಹದ ಸುಣ್ಣಕಲ್ಲುಗಳಲ್ಲೂ ಇವೆ, ಅವು 250 ಕೋಟಿ ವರ್ಷಕ್ಕಿಂತ ಹಳೆಯವು.

ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖ ಎಂದೊಡನೆ ನಮಗೆ ನೆನಪಾಗುವ ಕಬ್ಬಿಣದ ಅದಿರೂ ಈ ಕಥೆಗೇ ಸೇರಿದ್ದು. ಅಂದಿನ ಗಾಳಿಯಲ್ಲಿ ಆಮ್ಲಜನಕವಿಲ್ಲದ್ದರಿಂದ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಸೂಕ್ಷ್ಮಜೀವಿಗಳು ಬಿಡತೊಡಗಿದ ಆಮ್ಲಜನಕ ತಾಗಿದಲ್ಲೆಲ್ಲ ಅದು ತುಕ್ಕಾಗಿ ತಳ ಸೇರಿತು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಆಮ್ಲಜನಕದ ಹಂಗಿಲ್ಲದೆ ಬೆಳಕಿನ ಬಲದಿಂದಲೇ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾಗಳ ಪಾಲೂ ಅದರಲ್ಲಿರಬಹುದು. ಸಾಗರದ ಕಬ್ಬಿಣ ತೀರುತ್ತ ಬಂದ ಮೇಲೆ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಆಮ್ಲಜನಕ ಗಾಳಿಯಲ್ಲಿ ನೆಲೆ ನಿಂತಿತು. ಆ ಹೊತ್ತಿನ ಕಲ್ಲುಗಳಲ್ಲಿ ಗಂಧಕದ ಐಸೊಟೋಪ್‌ಗಳ ಒಂದು ವಿಚಿತ್ರ ಏರುಪೇರು ಹಠಾತ್ತನೆ ನಿಂತುಹೋಗುತ್ತದೆ. ಆಮ್ಲಜನಕವಿಲ್ಲದ ಗಾಳಿಯಲ್ಲಿ ಮಾತ್ರ ಉಳಿಯಬಲ್ಲ ಏರುಪೇರದು. 2000ದಲ್ಲಿ ಪ್ರಕಟವಾದ ಈ ಶೋಧದಿಂದ ಗಾಳಿ ಬದಲಾದ ಕಾಲ ಖಚಿತವಾಯಿತು.

ಜೀವಂತ ಕೋಶಗಳ ಒಳಗೂ ಹಳೆಯ ಕಡತಗಳಿದ್ದವು. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದಳು. ಹಲವು ಪತ್ರಿಕೆಗಳು ತಿರಸ್ಕರಿಸಿದ್ದ ಆ ಪ್ರಬಂಧ ಇಂದು ಪಠ್ಯಪುಸ್ತಕದ ಪಾಠ, ಏಕೆಂದರೆ ಮೈಟೊಕಾಂಡ್ರಿಯದಲ್ಲಿ ಅದರದೇ ಡಿಎನ್‌ಎ ಇದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮ್‌ನ ಆರ್‌ಎನ್‌ಎ ಹೋಲಿಸಿ, ಬ್ಯಾಕ್ಟೀರಿಯಾ ಎಂದೇ ಭಾವಿಸಿದ್ದ ಕೆಲವು ಜೀವಿಗಳು ಬೇರೆಯದೇ ವಂಶದವೆಂದು ತೋರಿಸಿದರು. ಕಲ್ಲು ಮತ್ತು ಕೋಶ ಎರಡೂ ಹೇಳುವುದು ಒಂದೇ: ಜೀವದ ಚರಿತ್ರೆಯ ಆರರಲ್ಲಿ ಐದು ಪಾಲು ಕೇಂಬ್ರಿಯನ್ನಿಗೆ ಮೊದಲೇ ಮುಗಿದಿತ್ತು, ಅದರಲ್ಲೂ ಹೆಚ್ಚಿನದು ಸೂಕ್ಷ್ಮಜೀವಿಗಳದ್ದು.

ಇಲ್ಲ ಎನ್ನುವ ಪುರಾವೆ

ಹಿಂದೆ ಹಿಂದಕ್ಕೆ ಹೋದಂತೆ ಇಯೋಜೋವನ್‌ನ ಭೂತ ಮತ್ತೆ ಎದುರಾಯಿತು. ಪಿಲ್ಬಾರದ 346 ಕೋಟಿ ವರ್ಷದ ಚರ್ಟ್‌ನಲ್ಲಿ ಸೂಕ್ಷ್ಮಜೀವಿಗಳ ಎಳೆಗಳಿವೆ ಎಂದು ಅಮೆರಿಕದ ವಿಲಿಯಂ ಶಾಫ್ 1993ರಲ್ಲಿ ಪ್ರಕಟಿಸಿದ. ಅವು ಬಿಸಿ ನೀರಿನ ಬುಗ್ಗೆಯಲ್ಲಿ ಇಂಗಾಲ ಹಾಗೆ ಜೋಡಿಸಿಕೊಂಡದ್ದಷ್ಟೇ ಎಂದು 2002ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಟಿನ್ ಬ್ರೇಸಿಯರ್ ಹಾಗೂ ಸಂಗಡಿಗರು ವಾದಿಸಿದರು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಇದೆ ಎಂಬ 2016ರ ವರದಿಗೆ 2018ರಲ್ಲೇ ಪ್ರತಿವಾದ ಬಂತು: ಅವು ಕಲ್ಲು ಹಿಂಡಿಹೋದಾಗ ಎದ್ದ ಮಡಿಕೆಗಳಿರಬಹುದು.

ನಮ್ಮ ದೇಶದ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಂತಿದೆ. ಮಧ್ಯ ಭಾರತದ ವಿಂಧ್ಯ ಶಿಲೆಗಳಲ್ಲಿ ಕೇಂಬ್ರಿಯನ್ ಕಾಲದ ಸಣ್ಣ ಪಳೆಯುಳಿಕೆಗಳು ಸಿಕ್ಕಿವೆಯೆಂದು 1998ರಲ್ಲಿ ರಫತ್ ಅಜ್ಮಿ ಪ್ರಕಟಿಸಿದಾಗ ದೊಡ್ಡ ರಾದ್ಧಾಂತವಾಯಿತು. ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ತಂಡ ಅದೇ ಜಾಗಗಳಿಂದ ಮತ್ತೆ ಮಾದರಿ ತೆಗೆದು, ಕಲ್ಲಿನ ವಯಸ್ಸು ಅಳೆದು 2009ರಲ್ಲಿ ಹೇಳಿದ್ದು: ಪಳೆಯುಳಿಕೆಗಳು ನಿಜ, ಆದರೆ ಕೇಂಬ್ರಿಯನ್ನಿಗಿಂತ ನೂರು ಕೋಟಿ ವರ್ಷ ಹಳೆಯವು. ಚಿತ್ರಕೂಟದ ಆ ಕಲ್ಲುಗಳಲ್ಲಿ ಕಂಡ 160 ಕೋಟಿ ವರ್ಷದ ಕೆಂಪು ಪಾಚಿಯಂಥ ಜೀವಿಗೆ 2017ರಲ್ಲಿ ‘ರಫತಾಜ್ಮಿಯಾ ಚಿತ್ರಕೂಟೆನ್ಸಿಸ್’ ಎಂದು ಹೆಸರಿಟ್ಟರು.

ಇನ್ನೊಂದು ಭೀಮಬೇಟ್ಕಾದ್ದು. ಅಲ್ಲಿನ ಗುಹೆಯ ಚಾವಣಿಯಲ್ಲಿ ಡಿಕಿನ್‌ಸೋನಿಯಾದ ಅಚ್ಚಿದೆಯೆಂದು 2021ರಲ್ಲಿ ಅಮೆರಿಕದ ಗ್ರೆಗರಿ ರಿಟಾಲಕ್ ತಂಡ ಪ್ರಕಟಿಸಿತು, ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಫ್ಲಾರಿಡಾದ ಜೋಸೆಫ್ ಮೀರ್ಟ್ ತಂಡ ಹೋಗಿ ನೋಡಿದಾಗ ಅಚ್ಚು ಕಲ್ಲಿನಿಂದ ಕಿತ್ತು ಬರುತ್ತಿತ್ತು. ಅದು ಹೆಜ್ಜೇನಿನ ಹಳೆಯ ಗೂಡಿನ ಕಲೆ. 2023ರಲ್ಲಿ ಇದು ಪ್ರಕಟವಾದಾಗ ರಿಟಾಲಕ್ ತಕರಾರಿಲ್ಲದೆ ಒಪ್ಪಿಕೊಂಡ. ಡಾಸನ್ ಮೂವತ್ತು ವರ್ಷದಲ್ಲಿ ಆಡಲಾಗದ ಮಾತು ಇಲ್ಲಿ ಎರಡೇ ವರ್ಷದಲ್ಲಿ ಬಂತು. ಜೀವದ ಇತಿಹಾಸದ ಹುಡುಕಾಟ ಈ ಒಂದೂವರೆ ಶತಮಾನದಲ್ಲಿ ಕಲಿತ ಪಾಠವೇ ಇದು: ಕಲ್ಲಿನ ವಯಸ್ಸು ಖಚಿತವೇ, ಆಕೃತಿ ಕಲ್ಲಿನ ಒಳಗಿನದೇ, ಕಲ್ಲಿನಷ್ಟೇ ಹಳೆಯದೇ, ಜೀವವಿಲ್ಲದೆಯೂ ಅದು ಉಂಟಾಗಬಹುದೇ ಎಂದು ಕೇಳಿ ಮುಗಿಸುವ ತನಕ ಹೆಸರಿಡಬಾರದು.

ಈಗ ಆ ಪ್ರಶ್ನೆಗಳು ಭೂಮಿಯಾಚೆಗೂ ಹೋಗಿವೆ. 2024ರ ಜುಲೈನಲ್ಲಿ ಮಂಗಳ ಗ್ರಹದ ಜೆಜೆರೊ ಕುಳಿಯಲ್ಲಿ ಪರ್ಸಿವಿಯರೆನ್ಸ್ ಬಂಡಿಗೆ ಚಿರತೆಯ ಚುಕ್ಕೆಗಳಂಥ ಗುರುತುಗಳಿದ್ದ ಬಂಡೆಯೊಂದು ಸಿಕ್ಕಿತು. ಆ ಚುಕ್ಕೆಗಳಲ್ಲಿ ಇರುವಂಥ ಕಬ್ಬಿಣದ ಖನಿಜಗಳನ್ನು ನಮ್ಮಲ್ಲಿ ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ, ಜೀವವಿಲ್ಲದ ರಸಾಯನಕ್ರಿಯೆಗಳಿಂದಲೂ ಅವು ಉಂಟಾಗಬಲ್ಲವು. 2025ರ ಸೆಪ್ಟೆಂಬರಿನಲ್ಲಿ ‘ನೇಚರ್’ನಲ್ಲಿ ವಿವರ ಪ್ರಕಟವಾದಾಗ ವಿಜ್ಞಾನಿಗಳು ಬಳಸಿದ ಮಾತು ‘ಸಂಭಾವ್ಯ ಜೀವಕುರುಹು’ ಎಂಬುದಷ್ಟೇ. ಬಂಡಿ ಕೊರೆದು ತೆಗೆದ ಮಾದರಿ ಇನ್ನೂ ಮಂಗಳದಲ್ಲೇ ಇದೆ. ಅದು ಇಲ್ಲಿಗೆ ಬಂದು, ತೆಳುಹೋಳಾಗಿ ಸೂಕ್ಷ್ಮದರ್ಶಕದಡಿ ಕೂರುವ ತನಕ ಯಾರೂ ಅದಕ್ಕೆ ಲ್ಯಾಟಿನ್ ಹೆಸರು ಹುಡುಕುವ ಆತುರದಲ್ಲಿಲ್ಲ.